ಐವತ್ತು–ಅರವತ್ತರ ನಡುವೆ ಸಿಕ್ಕಿಬಿದ್ದ ಆಟದ ಪೆಟ್ಟಿಗೆ

ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಹಳೇ ಸಾಮಾನಿನ ಡಬ್ಬ ಇದ್ದೇ ಇರುತ್ತದೆ, ಅಲ್ಲವೇ? ನಿಂತುಹೋದ ಗಡಿಯಾರ, ಗೊರಗೊರ ಅನ್ನುವ ರೇಡಿಯೋ, ಹಿಡಿ ಸುಟ್ಟ ಇಸ್ತ್ರಿಪೆಟ್ಟಿಗೆ. "ಒಂದು ದಿನ ರಿಪೇರಿ ಮಾಡಿಸೋಣ" ಅಂತ ಎತ್ತಿಡುತ್ತೇವೆ. ಆ ಒಂದು ದಿನ ಬರುವುದೇ ಇಲ್ಲ. ಕೊನೆಗೆ ಹಳೇ ಪೇಪರಿನವನ ತಕ್ಕಡಿಯಲ್ಲಿ ಕೂತು ಹೊರಟುಹೋಗುತ್ತದೆ.

ನಮ್ಮ ಅಮೃತಹಳ್ಳಿಯ ಮನೆಯ ಅಟ್ಟದಲ್ಲಿದ್ದದ್ದು ಒಂದು ಆಟದ ಪೆಟ್ಟಿಗೆ. ಹೆಸರು ಸೇಗಾ ಮೆಗಾ ಡ್ರೈವ್. ಕರ‍್ರಗೆ, ಊಟದ ತಟ್ಟೆಯಷ್ಟು ಅಗಲ. ಟಿವಿಗೆ ಸಿಕ್ಕಿಸಿ, ಮೇಲಿನ ಸಂದಿಯಲ್ಲಿ ಪುಸ್ತಕದಂಥ ಒಂದು ಕಾರ್ಟ್ರಿಡ್ಜ್ ತುರುಕಿದರೆ ಪರದೆಯ ಮೇಲೆ ಆಟ ಶುರು. ನೀಲಿ ಮುಳ್ಳುಹಂದಿಯೊಂದು ಉಂಗುರಗಳನ್ನು ಆರಿಸುತ್ತಾ ಓಡುವ ಸೋನಿಕ್ ಆಟವನ್ನು ನಿಮ್ಮ ಮಕ್ಕಳೂ ಆಡಿರಬಹುದು. ಇದು 1988ರಲ್ಲಿ ಜಪಾನಿನಲ್ಲಿ, 1989ರಲ್ಲಿ ಅಮೆರಿಕದಲ್ಲಿ, 1990ರಲ್ಲಿ ಯೂರೋಪಿನಲ್ಲಿ ಬಂದ ಯಂತ್ರ. ನಮ್ಮ ದೇಶದಲ್ಲಿ 1995ರಲ್ಲಿ ಶಾ ವ್ಯಾಲೇಸ್ ಕಂಪನಿಯವರು ಮಾರಾಟಕ್ಕೆ ತಂದಾಗ ಇದರ ಬೆಲೆ 18,000 ರೂಪಾಯಿ! ಆಗಿನ ಕಾಲಕ್ಕೆ ಅದು ಸಂಬಳದ ಮನೆಯವರು ಕನಸಿನಲ್ಲೂ ಮುಟ್ಟುವ ದುಡ್ಡಲ್ಲ. ನಮ್ಮ ಮನೆಗೆ ಬಂದದ್ದು ಅದಕ್ಕೂ ಮುಂಚೆ, 1993ರಲ್ಲಿ. ಇಂಗ್ಲೆಂಡಿನಿಂದ ವಾಪಸಾದ ನಮ್ಮ ಮೈದುನ ಅಣ್ಣನ ಮಗನಿಗೆ ಅಂತ ಪೆಟ್ಟಿಗೆಯಲ್ಲಿ ಸುತ್ತಿಟ್ಟುಕೊಂಡು ಬಂದಿದ್ದರು.

ಎರಡು ವರ್ಷದ ಮೇಲೆ ನ್ಯೂಜೆರ್ಸಿಯಲ್ಲಿದ್ದ ನನ್ನ ತಂಗಿ ಬಂದಳು. ಅವಳೂ ಮಗನಿಗೆ ಅಂತ ಮೂರು ಕಾರ್ಟ್ರಿಡ್ಜ್ ತಂದಳು. ಅಲ್ಲಿಂದ ತೊಂದರೆ ಶುರುವಾಯಿತು ನೋಡಿ. ಅಮೆರಿಕದ ಎರಡು ಆಟಗಳು ಲಂಡನ್ ಯಂತ್ರದಲ್ಲಿ ನಿದ್ದೆಗಣ್ಣಿನಲ್ಲಿ ಓಡಿದ ಹಾಗೆ ಓಡಿದವು. ಮೂರನೆಯದಂತೂ "ಇದು ನಿಮ್ಮ ದೇಶದ ಯಂತ್ರಕ್ಕಲ್ಲ" ಎಂಬ ಅರ್ಥದ ಇಂಗ್ಲಿಷ್ ಸಾಲೊಂದನ್ನು ತೋರಿಸಿ ಮುಷ್ಕರ ಹೂಡಿತು. ತವರಿನ ಉಡುಗೊರೆಗೂ ಗಂಡನ ಮನೆಯ ಉಡುಗೊರೆಗೂ ಹೊಂದಾಣಿಕೆ ಇಲ್ಲ ಅಂದರೆ ಹೇಗಿರಬೇಡ!

ಇದಕ್ಕೆ ಕಾರಣವೇನು ಅಂತ ನಮ್ಮವರು ಆಗ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಅಮೆರಿಕದವರು 1953ರಲ್ಲಿ ಬಣ್ಣದ ಟಿವಿಗೆ ಒಂದು ಪದ್ಧತಿ ಮಾಡಿಕೊಂಡರು, ಅದು ಎನ್‌ಟಿಎಸ್‌ಸಿ. ಜಪಾನಿನವರೂ ಅದನ್ನೇ ಹಿಡಿದರು. ಜರ್ಮನಿಯ ಟೆಲಿಫುಂಕೆನ್ ಕಂಪನಿಯ ವಾಲ್ಟರ್ ಬ್ರುಖ್ ಎಂಬ ಎಂಜಿನಿಯರು 1963ರಲ್ಲಿ ಇನ್ನೊಂದು ಪದ್ಧತಿ ತೋರಿಸಿದರು, ಅದು ಪಾಲ್. ಇಂಗ್ಲೆಂಡು ಪಾಲ್ ಒಪ್ಪಿಕೊಂಡಿತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂದಾಗ ನಾವು ಒಪ್ಪಿಕೊಂಡದ್ದೂ ಪಾಲನ್ನೇ. ಅಮೆರಿಕದ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆ, ಪರದೆಯ ಮೇಲೆ ಸೆಕೆಂಡಿಗೆ 60 ಸಲ ಗೀಚುತ್ತದೆ. ನಮ್ಮಲ್ಲಿ 625 ಗೆರೆ, ಸೆಕೆಂಡಿಗೆ 50 ಸಲ.

ಈ ಆಟದ ಪೆಟ್ಟಿಗೆಗಳು ಕಾಲವನ್ನು ಎಣಿಸುವುದು ಈ ಗೀಚುವಿಕೆಯ ಲೆಕ್ಕದಲ್ಲೇ. ಭಜನೆಯಲ್ಲಿ ತಾಳ ಹಾಕುವವರು ನಿಧಾನ ಮಾಡಿದರೆ ಹಾಡುವವರೆಲ್ಲ ನಿಧಾನವಾಗುವುದಿಲ್ಲವೇ? ಹಾಗೇ. ಅರವತ್ತರ ತಾಳಕ್ಕೆ ಬರೆದ ಆಟವನ್ನು ಐವತ್ತರ ತಾಳಕ್ಕೆ ಆಡಿಸಿದರೆ ಒಂದು ಗಂಟೆಯ ಆಟಕ್ಕೆ 72 ನಿಮಿಷ ಬೇಕು. ಸಂಗೀತವೂ ಎಳೆದೆಳೆದು ಬರುತ್ತದೆ. ಗೆರೆಗಳು ಹೆಚ್ಚಿರುವುದರಿಂದ ಚಿತ್ರ ಸಾಲದೆ ಮೇಲೂ ಕೆಳಗೂ ಕಪ್ಪು ಪಟ್ಟಿ ಉಳಿಯುತ್ತದೆ, ಅಗಲ ಸಾಲದ ಸೀರೆಗೆ ಅಂಚು ಹೊಲಿಸಿದ ಹಾಗೆ.

ನಮ್ಮವರು ಕಾರ್ಖಾನೆಯಲ್ಲಿ ಮೀಟರುಗಳ ವಿಭಾಗದಲ್ಲಿದ್ದವರು. ಸುಮ್ಮನೆ ಕೂರುವ ಜನ್ಮವಲ್ಲ. ಮೈದುನನಿಗೆ ಕಾಗದ ಬರೆದರು. ಅವರು ಯಾರನ್ನೋ ಕೇಳಿ ಚಿತ್ರ ಬರೆದು ಕಳಿಸಿದರು. ಯಂತ್ರದೊಳಗಿನ ಒಂದು ಚಿಪ್ಪಿನ ಒಂದು ಕಾಲು ಸದಾ ಕೇಳುತ್ತಿರುತ್ತದಂತೆ, "ನಾನು ಯಾವ ದೇಶದಲ್ಲಿದ್ದೇನೆ?" ಅಂತ. ಆ ಕಾಲಿಗೆ 5 ವೋಲ್ಟ್ ಕೊಟ್ಟರೆ ಅರವತ್ತರ ದೇಶ, ಸೊನ್ನೆ ಕೊಟ್ಟರೆ ಐವತ್ತರ ದೇಶ. ಲಂಡನ್ ಯಂತ್ರದಲ್ಲಿ ಅದನ್ನು ಕಾರ್ಖಾನೆಯಲ್ಲೇ ಸೊನ್ನೆಗೆ ಕಟ್ಟಿಹಾಕಿರುತ್ತಾರೆ. ಆ ಕಟ್ಟನ್ನು ಕತ್ತರಿಸಿ, ಮೂರು ಕಾಲಿನ ಒಂದು ಸಣ್ಣ ಸ್ವಿಚ್ಚು ಹಾಕಿದರೆ ನಮಗೆ ಬೇಕಾದ ದೇಶ ಆರಿಸಬಹುದು. ಮಧ್ಯದ ತಂತಿ ಚಿಪ್ಪಿನ ಕಾಲಿಗೆ, ಒಂದು ಪಕ್ಕದ್ದು 5 ವೋಲ್ಟಿಗೆ, ಇನ್ನೊಂದು ಪಕ್ಕದ್ದು ಸೊನ್ನೆಗೆ. ಅಷ್ಟೇ! 1996ರ ಬೇಸಿಗೆ ರಜೆಯ ಒಂದು ಭಾನುವಾರ ಊಟದ ಮೇಜಿನ ಮೇಲೆ ಇದನ್ನು ಮಾಡಿ ಮುಗಿಸಿದರು. ಯಂತ್ರದ ಹಿಂಬದಿಗೆ ತೂತು ಕೊರೆದು ಸ್ವಿಚ್ಚು ಕೂರಿಸಿ, "50 – ಚಿಕ್ಕಪ್ಪ, 60 – ಚಿಕ್ಕಮ್ಮ" ಅಂತ ಚೀಟಿ ಅಂಟಿಸಿದರು. ಮಗ ಕುಣಿದಾಡಿದ.

ನಮ್ಮವರು ತೀರಿಕೊಂಡು ಈಗ ನಾಲ್ಕು ವರ್ಷ. ಮಗ ಪುಣೆಯಲ್ಲಿದ್ದಾನೆ. ಹೋದ ಬೇಸಿಗೆಗೆ ಬಂದ ಮೊಮ್ಮಗಳು ಅಟ್ಟ ಹತ್ತಿ ಈ ಡಬ್ಬ ಇಳಿಸಿದಳು. "ಅಜ್ಜಿ, ಇದು ತಾತ ಬರೆದಿದ್ದಾ?" ಅಂತ ಚೀಟಿಯ ಮೇಲೆ ಬೆರಳಿಟ್ಟಳು. ಹೂಂ ಅಂದೆ. ಟಿವಿಗೆ ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು, ಆಟ ಬಂತು. ಆದರೆ ಬಂದದ್ದು ನಿಲ್ಲಲಿಲ್ಲ. ಸೋನಿಕ್ ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು ಕಪ್ಪು ಪಟ್ಟಿಗಳ ನಡುವೆ ಸೇರಿಕೊಳ್ಳುವುದು, ಮತ್ತೆ ಹುಚ್ಚು ಹಿಡಿದ ಹಾಗೆ ಓಡುವುದು, ಚಿತ್ರ ಒಂದು ಕ್ಷಣ ಉರುಳುವುದು, ಬಣ್ಣ ಹೋಗಿ ಕಪ್ಪುಬಿಳುಪಾಗುವುದು. ಸ್ವಿಚ್ಚು ಮುಟ್ಟಿದರೆ ಸರಿ, ಬಿಟ್ಟರೆ ತಪ್ಪು. ಚಿಕ್ಕಮ್ಮನ ಮೂರನೆಯ ಕಾರ್ಟ್ರಿಡ್ಜು ಒಮ್ಮೆ ಒಪ್ಪಿತು, ಒಮ್ಮೆ ಮುಷ್ಕರ.

ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ತಿರುಗಿಸಿ ನೋಡಿ, "ಆಂಟಿ, ಯಾರೋ ಕೆಡಿಸಿದ್ದಾರೆ ಇದನ್ನ. ಸ್ವಿಚ್ಚು ಗಿಚ್ಚು ಎಲ್ಲ ಕಿತ್ತು ಹಾಕಬೇಕು. ಬೋರ್ಡೂ ಹೋಗಿರಬಹುದು. ಬಿಸಾಕಿ, ಹೊಸದು ತಗೊಳ್ಳಿ" ಅಂದ. ಫೋನಿನಲ್ಲಿ ಮಗನೂ "ಅಮ್ಮಾ, ಆ ಆಟ ಈಗ ಮೊಬೈಲಿನಲ್ಲೇ ಸಿಗುತ್ತೆ, ತಲೆ ಕೆಡಿಸ್ಕೋಬೇಡ" ಅಂದ.

ಇಬ್ಬರೂ ಹೇಳಿದ್ದು ತಪ್ಪಲ್ಲ. ಆದರೆ "ಯಾರೋ ಕೆಡಿಸಿದ್ದಾರೆ" ಎಂಬ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಆ ಯಾರೋ ಯಾರು ಅಂತ ನನಗೆ ಗೊತ್ತಲ್ಲ! ಅವರ ಬಟ್ಟೆಗಳನ್ನು ಕೊಟ್ಟಾಯಿತು, ಸ್ಕೂಟರು ಮಾರಿಯಾಯಿತು. ಅವರ ಕೈ ಮಾಡಿದ ಕೆಲಸ ಅಂತ ಮನೆಯಲ್ಲಿ ಉಳಿದದ್ದು ಇದೊಂದು. ಅದು ಕೆಟ್ಟ ಕೆಲಸವೋ ಒಳ್ಳೆಯ ಕೆಲಸವೋ, ನೋಡಿಯೇ ಬಿಡಬೇಕು ಅನ್ನಿಸಿತು.

ನಮ್ಮ ಪಕ್ಕದ ಮನೆಯ ಹುಡುಗಿ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾಳೆ. ಅವಳ ಹತ್ತಿರ ಮಲ್ಟಿಮೀಟರೂ ಇತ್ತು, ಬೆಸುಗೆ ಕಡ್ಡಿಯೂ ಇತ್ತು. "ನಾನು ಮಾಡಿಕೊಡಲ್ಲ ಆಂಟಿ, ನೀವೇ ಮಾಡಿ, ನಾನು ಪಕ್ಕದಲ್ಲಿ ಕೂತಿರ‍್ತೀನಿ" ಅಂದಳು. ಬಲು ಗಟ್ಟಿ ಹುಡುಗಿ!

ಸೋದರಿಯರೇ, ನಾವು ಇದಕ್ಕೆಲ್ಲ ಲಾಯಕ್ಕಿಲ್ಲ ಅಂದುಕೊಳ್ಳಬೇಡಿ. ಮಿಕ್ಸಿ ತಿರುಗದಿದ್ದರೆ ನಾವು ಮಾಡುವುದೇನು? ಕರೆಂಟು ಇದೆಯೇ ನೋಡುತ್ತೇವೆ, ಪ್ಲಗ್ಗು ಬೇರೆ ಕಡೆ ಚುಚ್ಚುತ್ತೇವೆ, ಜಾರು ಸರಿ ಕೂತಿದೆಯೇ ನೋಡುತ್ತೇವೆ, ಆಮೇಲೆ ತಳದ ಕೆಂಪು ಗುಂಡಿ ಒತ್ತುತ್ತೇವೆ. ಒಂದೊಂದಾಗಿ ಸಂಶಯ ಕಳೆದುಕೊಂಡು ಹೋಗುವುದೇ ರಿಪೇರಿ. ಅದು ನಮಗೆ ಬರುವ ವಿದ್ಯೆಯೇ. ಎರಡು ಸಂಗತಿ ಒಟ್ಟಿಗೆ ಬದಲಿಸಬಾರದು, ಅಷ್ಟೇ ನಿಯಮ. ಸಾರಿಗೆ ಉಪ್ಪನ್ನೂ ಹುಳಿಯನ್ನೂ ಒಟ್ಟಿಗೆ ಸುರಿದರೆ ಯಾವುದು ಕಡಿಮೆಯಾಗಿತ್ತು ಅಂತ ತಿಳಿಯುವುದು ಹೇಗೆ?

ಮೊದಲು ಟಿವಿ. ಅದೇ ಟಿವಿಗೆ ಡಿವಿಡಿ ಪ್ಲೇಯರು ಸಿಕ್ಕಿಸಿ ಒಂದು ಸಿನಿಮಾ ಪೂರ್ತಿ ನೋಡಿದೆವು. ಒಂದು ಸಲವೂ ಉರುಳಲಿಲ್ಲ. ಟಿವಿ ನಿರ್ದೋಷಿ.

ಎರಡನೆಯದು ಕಾರ್ಟ್ರಿಡ್ಜ್. ಅದರ ಹಲ್ಲುಗಳ ಮೇಲೆ ಕಿಲುಬು ಕಟ್ಟುತ್ತದೆ. ಮಕ್ಕಳು ಬಾಯಿಂದ ಊದುತ್ತಾರೆ, ಅದು ಸರಿಯಲ್ಲ, ಎಂಜಲಿನ ತೇವಕ್ಕೆ ಇನ್ನಷ್ಟು ಕಿಲುಬು. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಕಡ್ಡಿ ಅದ್ದಿ ಒರೆಸಿ ಒಣಗಿಸಬೇಕು. ಒರೆಸಿದೆವು. ಕಡ್ಡಿ ಕಪ್ಪಾಯಿತು, ರೋಗ ಹೋಗಲಿಲ್ಲ. ಎಲ್ಲ ಕಾರ್ಟ್ರಿಡ್ಜಿಗೂ ಅದೇ ಕಾಟ.

ಮೂರನೆಯದು ಕರೆಂಟು. ಈ ಯಂತ್ರದ ಅಡಾಪ್ಟರು 9 ವೋಲ್ಟಿನದು. ಒಳಗೆ 7805 ಎಂಬ ಮೂರು ಕಾಲಿನ ಬಿಲ್ಲೆ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಮುಚ್ಚಳ ಬಿಚ್ಚಿ ಅಳೆದೆವು. ಸರಿಯಾಗಿ 5. ಅದೂ ನಿರ್ದೋಷಿ.

ಮುಚ್ಚಳ ಬಿಚ್ಚಿದಾಗ ಒಳಗೇನು ಕಂಡಿತು ಗೊತ್ತೇ? ಬದಿಗೆ ಅಂಟಿಸಿದ ಮಡಿಚಿದ ಕಾಗದ. ಬಿಡಿಸಿದರೆ ಮೈದುನ ಕಳಿಸಿದ ಚಿತ್ರವನ್ನು ನಮ್ಮವರು ತಮ್ಮ ಮುದ್ದಾದ ಅಕ್ಷರದಲ್ಲಿ ನಕಲು ಮಾಡಿದ್ದು. ಕೆಂಪು ತಂತಿ 5 ವೋಲ್ಟು, ಕಪ್ಪು ಸೊನ್ನೆ, ಹಳದಿ ಮಧ್ಯದ್ದು. ಎಲ್ಲಿ ಕತ್ತರಿಸಿದ್ದು ಅನ್ನುವುದಕ್ಕೆ ಬಾಣದ ಗುರುತು. ನಾನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹುಡುಗಿಯೂ ಸುಮ್ಮನಿದ್ದಳು. ಒಳ್ಳೆಯ ಹುಡುಗಿ ಅಂದೆನಲ್ಲ.

ಆಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು. "ಆಂಟಿ, ಸ್ವಿಚ್ಚು ಐವತ್ತರ ಕಡೆ ಇದ್ದಾಗ ಕಾಟ ಕೊಡುತ್ತಾ, ಅರವತ್ತರ ಕಡೆ ಇದ್ದಾಗ ಕೊಡುತ್ತಾ?" ಎರಡು ಕಡೆಯೂ ಕೊಡುತ್ತಿತ್ತು. ಲಂಡನ್ ಆಟವೂ ನಡುನಡುವೆ ಅರವತ್ತಕ್ಕೆ ನೆಗೆಯುತ್ತಿತ್ತು, ಅಮೆರಿಕದ ಆಟವೂ ಐವತ್ತಕ್ಕೆ ಕುಸಿಯುತ್ತಿತ್ತು. "ಹಾಗಾದರೆ ಕೆಂಪು ತಂತಿಯೊಂದೇ ಕೆಟ್ಟಿದ್ದರೆ ಅರವತ್ತು ಮಾತ್ರ ಕೆಡಬೇಕಿತ್ತು. ಕಪ್ಪೊಂದೇ ಆಗಿದ್ದರೆ ಐವತ್ತು ಮಾತ್ರ. ಎರಡಕ್ಕೂ ಸಂಬಂಧ ಇರುವುದು ಯಾವುದು?" ನೀವೇ ಹೇಳಿ ನೋಡೋಣ. ಸ್ವಿಚ್ಚು, ಇಲ್ಲವೇ ಹಳದಿ ತಂತಿ! ಮೀಟರು ಹಿಡಿಯುವ ಮೊದಲೇ ಅರ್ಧ ರಿಪೇರಿ ಮುಗಿದಿತ್ತು.

ಅಡಾಪ್ಟರು ಕಿತ್ತಿಟ್ಟು, ಮೀಟರನ್ನು ಬೀಪ್ ಶಬ್ದದ ಗುರುತಿಗೆ ತಿರುಗಿಸಿದೆವು. ಕರೆಂಟು ಹರಿಯುವ ದಾರಿ ಇದ್ದರೆ ಬೀಪ್ ಅನ್ನುತ್ತದೆ, ತುಂಡಾಗಿದ್ದರೆ ಮೌನ. ಸ್ವಿಚ್ಚಿನ ಮಧ್ಯದ ಕಾಲಿನಿಂದ ಒಂದೊಂದು ಪಕ್ಕಕ್ಕೆ ಹಿಡಿದು ನೋಡಿದರೆ ಎರಡೂ ಕಡೆ ಬೀಪ್. ಇಪ್ಪತ್ತೈದು ವರ್ಷ ಮೀರಿದ ಸ್ವಿಚ್ಚು ಗಟ್ಟಿಮುಟ್ಟು. ಉಳಿದದ್ದು ಹಳದಿ ತಂತಿ. ಎರಡು ತುದಿಗೆ ಕಡ್ಡಿ ಹಿಡಿದರೆ ಬೀಪ್. ಮೆಲ್ಲಗೆ ಬಗ್ಗಿಸಿದರೆ ಮೌನ. ಬಿಟ್ಟರೆ ಬೀಪ್. ಸಿಕ್ಕಿಬಿತ್ತು ಕಳ್ಳ!

ಮೇಲಿನ ಹಳದಿ ಹೊದಿಕೆ ನೆಟ್ಟಗಿದೆ, ಒಳಗೆ ತಾಮ್ರ ಮುರಿದಿದೆ. ಅದು ಒಂಟಿ ಎಳೆಯ ತಂತಿ. ಒಂಟಿ ಎಳೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿದರೆ ತುಂಡಾಗುತ್ತದೆ. ಮುಚ್ಚಳ ತೆಗೆದಾಗಲೆಲ್ಲ ಸ್ವಿಚ್ಚು ಎಳೆದಾಡಿ, ವರ್ಷಗಟ್ಟಲೆ ಅಟ್ಟದ ಬಿಸಿಗೆ ಬಿದ್ದು ಮುರಿದಿತ್ತು. ತಂತಿ ಮುರಿದಾಗ ಚಿಪ್ಪಿನ ಕಾಲಿಗೆ 5 ವೋಲ್ಟೂ ಇಲ್ಲ, ಸೊನ್ನೆಯೂ ಇಲ್ಲ. "ಹೋಗಲಾ ಅಮ್ಮಾ?" ಅಂತ ಕೇಳಿದ ಮಗುವಿಗೆ ಹೂಂ ಅಂತಲೂ ಹೇಳದೆ ಊಹೂಂ ಅಂತಲೂ ಹೇಳದೆ ಇದ್ದರೆ ಅದು ತನಗೆ ತೋಚಿದ್ದು ಮಾಡುತ್ತದೆ. ಯಂತ್ರವೂ ಅದನ್ನೇ ಮಾಡುತ್ತಿತ್ತು.

ಇನ್ನೊಂದನ್ನು ಪರೀಕ್ಷಿಸುವುದು ಬಾಕಿ ಇತ್ತು. ಕಾರ್ಖಾನೆಯ ಹಳೇ ಕಟ್ಟನ್ನು ಸರಿಯಾಗಿ ಕತ್ತರಿಸದೆ ಸ್ವಿಚ್ಚು ಹಾಕಿದರೆ, ಅರವತ್ತಕ್ಕೆ ತಿರುಗಿಸಿದ ಕೂಡಲೇ 5 ವೋಲ್ಟು ನೇರವಾಗಿ ಸೊನ್ನೆಗೆ ಬಡಿದು ಯಂತ್ರವೇ ಹೋಗಬಹುದು. ಅಂಗಡಿಯ ಹುಡುಗ ಬೋರ್ಡು ಹೋಗಿರಬಹುದು ಅಂದದ್ದು ಬಹುಶಃ ಇದನ್ನೇ ನೆನೆದು. ಹಳದಿ ತಂತಿ ಬಿಡಿಸಿ, ಬಾಣ ಗುರುತಿನ ಜಾಗದ ಆಚೆ ಈಚೆ ಮೀಟರು ಹಿಡಿದೆವು. ಮೌನ. ಭೂತಗನ್ನಡಿಯಲ್ಲಿ ನೋಡಿದರೆ ಕತ್ತಿಯ ಮೊನೆಯಿಂದ ಗೀರಿದ ಗೆರೆ, ಕೂದಲೆಳೆಯಷ್ಟೂ ತಾಮ್ರ ಉಳಿಯದ ಹಾಗೆ. ಬೆಸುಗೆಗಳೂ ಅಷ್ಟೇ, ಆರೂ ತುದಿಯಲ್ಲಿ ಮುತ್ತಿನ ಹಾಗೆ ಹೊಳೆಯುತ್ತಿದ್ದವು. "ಅಂಕಲ್ ಕೈ ಚೆನ್ನಾಗಿದೆ" ಅಂದಳು ಹುಡುಗಿ. ನನಗೆ ಬೇಕಾಗಿದ್ದದ್ದು ಆ ಮಾತೇ.

ಮಾರನೇ ದಿನ ಮೆಜೆಸ್ಟಿಕ್‌ವರೆಗೆ ಬಸ್ಸು, ಅಲ್ಲಿಂದ ಆಟೋ ಹಿಡಿದು ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗದ ಎಲೆಕ್ಟ್ರಾನಿಕ್ ಸಾಮಾನಿಲ್ಲ ಅಂತ ನಮ್ಮವರು ಹೇಳುತ್ತಿದ್ದರು. ಹಲವು ಎಳೆಯ ತಂತಿ ಒಂದು ಮೀಟರು, 10 ಕಿಲೋ ಓಮಿನ ರೆಸಿಸ್ಟರು ನಾಲ್ಕು, ಸ್ವಲ್ಪ ಬೆಸುಗೆ ಸೀಸ. ಎಲ್ಲ ಸೇರಿ ಎರಡು ಮೊಳ ಮಲ್ಲಿಗೆಯ ದುಡ್ಡಾಗಲಿಲ್ಲ.

ರೆಸಿಸ್ಟರು ಯಾಕೆ ಅಂತೀರಾ? ಅದು ಹುಡುಗಿಯ ಉಪಾಯ. ಬೋರ್ಡಿನ ಮೇಲೆಯೇ ಚಿಪ್ಪಿನ ಕಾಲಿಗೂ ಸೊನ್ನೆಗೂ ನಡುವೆ ಅದನ್ನು ಬೆಸೆದರೆ, ನಾಳೆ ತಂತಿ ಮತ್ತೆ ಮುರಿದರೂ ಕಾಲು ಅನಾಥವಾಗುವುದಿಲ್ಲ, ಐವತ್ತರಲ್ಲೇ ನೆಟ್ಟಗೆ ನಿಲ್ಲುತ್ತದೆ. ಸ್ವಿಚ್ಚನ್ನು ಅರವತ್ತಕ್ಕೆ ಹಾಕಿದಾಗ ಇದರಲ್ಲಿ ಹರಿಯುವ ಕರೆಂಟು ಅರ್ಧ ಮಿಲಿ ಆಂಪಿಯರ್, ಏನೇನೂ ಅಪಾಯವಿಲ್ಲ.

ಒಂದು ಮುರುಕು ರೇಡಿಯೋ ಬೋರ್ಡಿನ ಮೇಲೆ ಒಂದು ಸಂಜೆ ಕೈ ಪಳಗಿಸಿಕೊಂಡು, ಆಮೇಲೆ ಇದಕ್ಕೆ ಕೈ ಹಾಕಿದೆ. ಎರಡೂ ಲೋಹ ಬಿಸಿಯಾದ ಮೇಲೆ ಸೀಸ ಮುಟ್ಟಿಸಬೇಕು. ಒಗ್ಗರಣೆಯ ಲೆಕ್ಕವೇ, ಎಣ್ಣೆ ಕಾಯದೆ ಸಾಸಿವೆ ಸಿಡಿಯುತ್ತದೆಯೇ? ಹಳದಿಯ ಜಾಗಕ್ಕೆ ಹೊಸ ತಂತಿ ಬಂತು. ಎಳೆದಾಡದ ಹಾಗೆ ಬಿಸಿ ಅಂಟಿನ ಒಂದು ಬೊಟ್ಟು ಇಟ್ಟೆವು. ಕೆಂಪು, ಕಪ್ಪು ತಂತಿಗಳನ್ನು ಮುಟ್ಟಲಿಲ್ಲ. ಅವು ಅವರದ್ದೇ ಇರಲಿ.

ಮುಚ್ಚಳ ಹಾಕಿ ಆಡಿಸಿದೆವು. ಐವತ್ತು ಅಂದರೆ ಐವತ್ತು, ಅರವತ್ತು ಅಂದರೆ ಅರವತ್ತು. ಮೊಮ್ಮಗಳು ಎರಡು ಗಂಟೆ ಆಡಿದಳು, ಒಮ್ಮೆಯೂ ನೆಗೆಯಲಿಲ್ಲ. ಆದರೆ ಅರವತ್ತರಲ್ಲಿ ಬಣ್ಣ ಮಾತ್ರ ಬರಲಿಲ್ಲ. ಮುಳ್ಳುಹಂದಿ ಬೂದಿ ಬಳಿದುಕೊಂಡ ಸನ್ಯಾಸಿಯ ಹಾಗಿತ್ತು. ನನಗೆ ನೆನಪಾಯಿತು, ಮೊದಲಿನಿಂದಲೂ ಹಾಗೇ ಇತ್ತು. ಇದು ರೋಗವಲ್ಲ, ಯಂತ್ರದ ಸ್ವಭಾವ. ಬಣ್ಣ ಹೊತ್ತು ತರುವ ಅಲೆಯನ್ನು ಒಳಗಿನ ಹರಳಿನಿಂದ ಲೆಕ್ಕ ಹಾಕಿ ಮಾಡುತ್ತಾರೆ. ಆ ಹರಳು ಲಂಡನ್ನಿನದು. ಸ್ವಿಚ್ಚು ಚಿತ್ರದ ತಾಳ ಬದಲಿಸುತ್ತದೆಯೇ ಹೊರತು ಹರಳನ್ನು ಬದಲಿಸುವುದಿಲ್ಲ. ಬಣ್ಣದ ಅಲೆ ಪಾಲಿಗೂ ಹೊಂದದೆ, ಎನ್‌ಟಿಎಸ್‌ಸಿಗೂ ಹೊಂದದೆ ಟಿವಿ ಅದನ್ನು ಕೈಬಿಡುತ್ತದೆ. ಒಂದೇ ಯಂತ್ರದಲ್ಲಿ ಒಂದು ರೋಗ ಮತ್ತು ಒಂದು ಸ್ವಭಾವ ಬೆರೆತಿದ್ದರೆ ಎರಡನ್ನೂ ರೋಗ ಅಂತಲೇ ತಿಳಿಯುತ್ತೇವೆ. ಮನುಷ್ಯರ ವಿಷಯದಲ್ಲೂ ಹಾಗೇ ಅಲ್ಲವೇ?

ಆದರೆ ಇದಕ್ಕೂ ದಾರಿ ಇತ್ತು. ಈ ಯಂತ್ರದ ಹಿಂದಿನ ದುಂಡು ಸಾಕೆಟ್ಟಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಬೇರೆಬೇರೆ ತಂತಿಯಲ್ಲಿ ಬರುತ್ತವೆ. ಅದಕ್ಕೆ ಆ ಬಣ್ಣದ ಅಲೆಯ ಹಂಗೇ ಇಲ್ಲ. ಆಗಿನ ನಮ್ಮ ಟಿವಿಗೆ ಆ ಮೂರನ್ನು ತೆಗೆದುಕೊಳ್ಳುವ ಬಾಯಿ ಇರಲಿಲ್ಲ. ಈಗ ಅದನ್ನು ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಡಬ್ಬಿ ಸಿಗುತ್ತದೆ. "ತಲೆ ಕೆಡಿಸ್ಕೋಬೇಡ" ಅಂದಿದ್ದ ಮಗನೇ ತಂತಿಯನ್ನೂ ಡಬ್ಬಿಯನ್ನೂ ತರಿಸಿಕೊಟ್ಟ. ಅರವತ್ತರ ಓಟದಲ್ಲೇ ನೀಲಿ ಮುಳ್ಳುಹಂದಿ ಫಳಫಳ ಹೊಳೆಯಿತು. ನಮ್ಮವರು ಆ ಓಟ ನೋಡಿದ್ದರು, ಆ ಓಟದಲ್ಲಿ ಆ ನೀಲಿ ನೋಡಿರಲಿಲ್ಲ. ಮಗ ವಿಡಿಯೋ ಕರೆಯಲ್ಲಿ ಬಹಳ ಹೊತ್ತು ನೋಡುತ್ತಾ ಇದ್ದ. ಆಮೇಲೆ "ಅಮ್ಮಾ, ಅಪ್ಪ ಅಂಟಿಸಿದ ಚೀಟಿ ಹಾಗೇ ಇದೆಯಾ?" ಅಂತ ಕೇಳಿದ.

ನೀವೂ ಇಂಥದ್ದಕ್ಕೆ ಕೈ ಹಾಕುವುದಾದರೆ ಕೆಲವು ಎಚ್ಚರಿಕೆ ಹೇಳಿಬಿಡುತ್ತೇನೆ. 9 ವೋಲ್ಟಿನ ಆಟದ ಪೆಟ್ಟಿಗೆ ಬಿಚ್ಚಬಹುದು, ಗೋಡೆಯಿಂದ ಕಿತ್ತ ಮೇಲೆ. ಆದರೆ ಹಳೇ ಡಬ್ಬಾ ಟಿವಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರ ಪಿಕ್ಚರ್ ಟ್ಯೂಬಿನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ವೋಲ್ಟೇಜು ಉಳಿದಿರುತ್ತದೆ. ಅಡಾಪ್ಟರು ಹೊಸದು ಕೊಳ್ಳುವಾಗ ವೋಲ್ಟಿನ ಜೊತೆ ಪಿನ್ನಿನ ಧನ–ಋಣವನ್ನೂ ನೋಡಿ. ಈ ಮೊದಲ ಮಾದರಿಯ ಯಂತ್ರಕ್ಕೆ ಪಿನ್ನಿನ ಒಳಗಿನದು ಋಣ, ಎರಡನೇ ಮಾದರಿಗೆ ತದ್ವಿರುದ್ಧ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ, ಹೊಗೆ ಮೂಗಿಗೆ ಬೇಡ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಅಡಿಗೆಮನೆಗೆ ಹೋಗಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದುಂಟು. ನಿಮ್ಮ ಮನೆಯಲ್ಲಿ ಯಾರು ಏನೇ ರಿಪೇರಿ ಮಾಡಿದರೂ, ಅದು ಪ್ಲಂಬರೇ ಆಗಲಿ, ಮನೆಯವರೇ ಆಗಲಿ, ಏನು ಮಾಡಿದರು, ಯಾವ ತಂತಿ ಎಲ್ಲಿಗೆ, ಯಾವ ಕೊಳಾಯಿ ಯಾವುದಕ್ಕೆ ಅಂತ ಒಂದು ಚೀಟಿ ಬರೆಸಿ ಅಲ್ಲೇ ಅಂಟಿಸಿಡಿ. ತಾರೀಖೂ ಹಾಕಿಸಿ. ಮಾಡಿದವರು ಪಕ್ಕದಲ್ಲಿರುವಾಗ ಅದು ಬರೀ ಕಾಗದ ಅನ್ನಿಸುತ್ತದೆ. ಇಲ್ಲದಿರುವಾಗ ಅವರೇ ಕೈ ಹಿಡಿದು ಹೇಳಿಕೊಟ್ಟ ಹಾಗಿರುತ್ತದೆ. ನಮ್ಮವರ ಕಾಗದದ ಕೆಳಗೆ ನಾನೂ ಎರಡು ಸಾಲು ಬರೆದಿದ್ದೇನೆ, ಹೊಸ ತಂತಿ ಯಾವುದು, ರೆಸಿಸ್ಟರು ಎಲ್ಲಿದೆ ಅಂತ. ಮುಂದೊಂದು ದಿನ ಮೊಮ್ಮಗಳು ಮುಚ್ಚಳ ತೆಗೆದಾಗ ಬೇಕಾದೀತು.